ಹುಳಿನ ಪುಡಿ

ತಪ್ಪು ಹುಡುಕುವುದಕ್ಕೆ ಶಕುಂತಲಮ್ಮನಿಗೆ ಕನ್ನಡಕ ಬೇಕಾಗುತ್ತಿರಲಿಲ್ಲ. ಪಂಚಾಂಗ ಓದಲು ಬೇಕಿತ್ತು, ಸೂಜಿಗೆ ದಾರ ಪೋಣಿಸಲು ಬೇಕಿತ್ತು. ಆದರೆ ಅಡುಗೆಮನೆಯ ಆ ತುದಿಯಲ್ಲಿ ಸೊಸೆ ಆಲೂಗಡ್ಡೆಯ ಹೋಳೊಂದನ್ನು ಕಚ್ಚಿದ್ದು ನಡುಮನೆಯಲ್ಲಿ ಕೂತಿದ್ದ ಅವಳಿಗೆ ಬರಿಗಣ್ಣಿಗೇ ಕಂಡಿತು.

ಸೊಸೆ ಗಂಗಾಶ್ರೀ ಸೊರಬದ ಕಡೆಯವಳು, ಜಡೆ ಎಂಬ ಊರಿನ ಹುಡುಗಿ. ಈ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಬೆಳಿಗ್ಗೆಯಿಂದ ಆಲೂಗಡ್ಡೆಯ ಜೊತೆಗೇ ಇದ್ದಳು. ಸಣ್ಣಸಣ್ಣವನ್ನೇ ಆರಿಸಿ, ಮುಕ್ಕಾಲು ಬೇಯಿಸಿ, ಸಿಪ್ಪೆ ಬಿಡಿಸದೆ ಎರಡು ಹೋಳು ಮಾಡಿ, ಒಂದೊಂದನ್ನೂ ಅಂಗೈಯಿಂದ ಮೆತ್ತಗೆ ಒತ್ತಿ ಚಪ್ಪಟೆ ಮಾಡಿದ್ದಳು. ಮೇಲೆ ಇಷ್ಟು ಅಕ್ಕಿಹಿಟ್ಟು, ಖಾರದಪುಡಿ, ಉಪ್ಪು, ಜೀರಿಗೆ. ಆಮೇಲೆ ಕಬ್ಬಿಣದ ಕಾವಲಿಯಲ್ಲಿ ಸಣ್ಣ ಉರಿ. ಮಗುಚುವ ಅವಸರವೇ ಇಲ್ಲ ಅವಳಿಗೆ. ಅಂಚು ಕೆಂಪಾಗಿ, ಚಮಚ ತಾಗಿದರೆ ಟಕ್ ಎನ್ನುವವರೆಗೂ ಕಾದಳು. ಕಾವಲಿ ಇಳಿಸಿದ ಮೇಲೆ ಕೊನೆಗೆ ಒಂದು ಬಟ್ಟಲಿನಿಂದ ಕಂದುಬಣ್ಣದ ಎಂಥದೋ ಪುಡಿ ತೆಗೆದು ಉದುರಿಸಿದಳು. ಉದುರಿಸಿ, ಒಂದು ಹೋಳು ಎತ್ತಿ, ಅರ್ಧ ಕಚ್ಚಿದಳು.

"ರುಚಿ ನೋಡಿದೆಯಾ?" ಎಂದಳು ಶಕುಂತಲಮ್ಮ.

ಈ ಮನೆಯಲ್ಲಿ ಅಡುಗೆ ಮಾಡುವವರು ರುಚಿ ನೋಡುವಂತಿರಲಿಲ್ಲ. ಯಜಮಾನರ ಲಿಂಗಪೂಜೆಯಾಗಿ ಎಡೆ ಬಡಿಸುವವರೆಗೆ ಒಂದು ಅಗುಳು ಬಾಯಿಗೆ ಹೋದರೂ ಅಡುಗೆಯೆಲ್ಲ ಎಂಜಲು. ಶಕುಂತಲಮ್ಮನಿಗೆ ಅವಳ ಅತ್ತೆ ಹಾಗೆ ಕಲಿಸಿದ್ದರು. ನಲವತ್ತು ವರ್ಷ ಅವಳು ರುಚಿ ನೋಡದೆಯೇ ಬೇಯಿಸಿ ಹಾಕಿದ್ದಳು. ನಲವತ್ತು ವರ್ಷವೂ ಅವಳ ಸಾರಿನಲ್ಲಿ ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಕಮ್ಮಿ. ಹೇಳುವ ಎದೆಗಾರಿಕೆ ಯಾರಿಗಿತ್ತು?

ಉಪ್ಪು ಹಿಡಿದಿದೆಯೋ ಇಲ್ಲವೋ ನೋಡಿದೆ ಎಂದು ಗಂಗಾಶ್ರೀ ಮೆಲ್ಲಗೆ ಹೇಳಿದಳು. ಶಕುಂತಲಮ್ಮನಿಗೆ ಅಷ್ಟೇ ಸಾಕಾಯಿತು. ನಿಮ್ಮ ಜಡೆಯಲ್ಲಿ ಎಂಜಲು ಬಡಿಸುತ್ತಾರೇನೋ, ಇಲ್ಲಿ ಅದು ನಡೆಯುವುದಿಲ್ಲ ಎಂದು ಶುರುವಾದವಳು, ಹುಡುಗಿಯ ತಾಯಿ ವರದಮ್ಮ ಮಗಳಿಗೆ ಏನೇನು ಕಲಿಸಲಿಲ್ಲ ಎಂಬಲ್ಲಿಗೆ ಬಂದು ನಿಂತಳು. ಕಾವಲಿಯಲ್ಲಿದ್ದುದನ್ನು ಎಸೆಯಲು ಮಾತ್ರ ಮನಸ್ಸು ಬರಲಿಲ್ಲ, ವಾಸನೆ ಹಾಗಿತ್ತು. ಕಚ್ಚಿ ಉಳಿದ ಅರ್ಧ ಹೋಳನ್ನು ಹಿತ್ತಲಿನ ಕಾಗೆಗೆ ಹಾಕಿಸಿ, ಸೊಸೆಯ ಕೈ ತೊಳೆಸಿ, ಶಾಸ್ತ್ರ ಮುಗಿಸಿದಳು. ಸೊಸೆಯ ಕಣ್ಣು ತುಂಬಿದ್ದು ಕಂಡಿತು. ಕಂಡರೂ ಕಾಣದ ಹಾಗೆ ಇರುವುದು ಅತ್ತೆಯಾದವರಿಗೆ ಬರುವ ವಿದ್ಯೆ.

ಅವತ್ತು ಗಂಗಾಶ್ರೀ ತವರಿಗೆ ಹೊರಟಿದ್ದಳು. ನಾಲ್ಕು ಸಲ ಕೇಳಿದ್ದಳು, ನಾಲ್ಕು ಸಲವೂ ಒಂದೊಂದು ಅಡ್ಡಿ ಬಂದಿತ್ತು. ಮೆಕ್ಕೆಜೋಳದ ಸುಗ್ಗಿ, ನೆಂಟರು, ಹಬ್ಬ, ಮತ್ತೆ ನೆಂಟರು. ಈ ಸಲ ಗಂಡ ಚನ್ನೇಶ್ ಶಿವಮೊಗ್ಗಕ್ಕೆ ಹೋಗುವ ಮುಂಚೆ ಅಮ್ಮನನ್ನು ಒಪ್ಪಿಸಿ ಹೋಗಿದ್ದ. ಮಧ್ಯಾಹ್ನದ ಅಡುಗೆ ಮುಗಿಸಿ ಹೋಗಲಿ ಎಂದು ಶಕುಂತಲಮ್ಮ ಒಂದು ಷರತ್ತು ಹಾಕಿದ್ದಳು. ಮುಗಿಸಿದಳು. ಯಜಮಾನರ ಜೋಳದ ಮಂಡಿಯ ಹಮಾಲಿ ಉಜ್ಜಪ್ಪ ಬಂದು ಅವರ ಬುತ್ತಿ ಒಯ್ದ. ಗಂಗಾಶ್ರೀ ಅತ್ತೆಯ ಕಾಲು ಮುಟ್ಟಿ, ಹೋಗಿ ಬರ್ತೀನಿ ಎಂದು ಹೇಳಿ, ತಿರುಗಿ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಮನೆ ಖಾಲಿಯಾದ ಮೇಲೆ ಶಕುಂತಲಮ್ಮ ಊಟಕ್ಕೆ ಕೂತಳು. ರೊಟ್ಟಿ, ಬೇಳೆಸಾರು, ನೆಂಚಿಕೊಳ್ಳಲು ಆಲೂಗಡ್ಡೆ. ಒಂದು ಹೋಳು ತಿಂದಳು. ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಖಾರದ ಹಿಂದೆಯೇ ಒಂದು ಹುಳಿ ಬಂದು ದವಡೆಯನ್ನು ಹಿಡಿದು ಜಗ್ಗಿತು. ಇಂಥದ್ದನ್ನು ಅವಳು ಹುಟ್ಟಿದ ಮೇಲೆ ತಿಂದಿರಲಿಲ್ಲ. ಇನ್ನೊಂದೇ ಒಂದು ಎಂದುಕೊಂಡು ತಿಂದಳು. ಆ ಇನ್ನೊಂದು ಮುಗಿಯುವ ಹೊತ್ತಿಗೆ ತಟ್ಟೆಯಲ್ಲಿ ರೊಟ್ಟಿ ಹಾಗೇ ಇತ್ತು, ಪಾತ್ರೆಯಲ್ಲಿ ಆಲೂಗಡ್ಡೆ ಇರಲಿಲ್ಲ.

ಹೊಗಳಲು ಫೋನ್ ಮಾಡುವ ಜಾಯಮಾನ ಅವಳದಲ್ಲ. ಆದರೆ ಆ ಹುಳಿ ಯಾವುದೆಂದು ತಿಳಿಯದೆ ನಿದ್ದೆ ಹತ್ತುವ ಹಾಗಿರಲಿಲ್ಲ. ಆದ್ದರಿಂದ ವಿಚಾರಿಸಿಕೊಳ್ಳುವ ನೆಪದಲ್ಲಿ ಫೋನ್ ಹಚ್ಚಿ, ಸೀಟು ಸಿಕ್ಕಿತೇ ಎಂದು ಕೇಳಿದಳು. ಸಿಕ್ಕಿತು, ಶಿರಾಳಕೊಪ್ಪ ಬರ್ತಾ ಇದೆ ಎಂದಳು ಗಂಗಾಶ್ರೀ. ಬಸ್ಸು ಗುರುಗುಟ್ಟುತ್ತಿತ್ತು, ಹಿಂದೆ ಯಾವುದೋ ಮಗು ಅಳುತ್ತಿತ್ತು.

"ಅಲ್ಲ, ಆಲೂಗಡ್ಡೆಗೆ ಎಂಥದು ಹಾಕಿದ್ದಿ? ನಾಲಿಗೆಯೆಲ್ಲ ಜುಮ್ ಅಂತೈತೆ."

"ಕೋಣೇಲಿಟ್ಟಿದ್ದ..." ಎಂದಿತು ಫೋನು. ಆಮೇಲೆ ಬರೀ ಗರಗರ. "...ಹುಳೀನ... ಪುಡಿ... ಹಾಕಿದೀನಿ ಅತ್ತೆ."

ಶಕುಂತಲಮ್ಮನ ಬಾಯಿಂದ ಅಯ್ಯೋ ಶಿವನೇ ಎಂಬ ಕೂಗೊಂದು ತಾನಾಗಿಯೇ ಹೊರಟಿತು. ಫೋನು ಕೈಯಿಂದ ಜಾರಿ ಗಾರೆ ನೆಲದ ಮೇಲೆ ಬಿದ್ದು ಸತ್ತುಹೋಯಿತು.

ಹುಳಿನ ಪುಡಿ! ಜೋಳದ ವ್ಯಾಪಾರದ ಆ ಮನೆಯಲ್ಲಿ ಹುಳಿನ ಪುಡಿ ಎಂದರೆ ಒಂದೇ ಒಂದು. ಚೀಲಕ್ಕೆ ನುಸಿ, ಹುಳು ಹತ್ತದಿರಲೆಂದು ಉದುರಿಸುವ ವಿಷ. ಹಳೆಯ ತಗಡಿನ ಡಬ್ಬಿಯಲ್ಲಿ, ಒಳಕೋಣೆಯ ಮೇಲಿನ ಹಲಗೆಯ ಮೇಲೆ ಅದು ಇರುತ್ತಿತ್ತು. ಅಡುಗೆಯ ಹುಳಿಗೆ ಆ ಮನೆಯಲ್ಲಿ ಇದ್ದದ್ದು ಹುಣಸೆಹಣ್ಣು ಮಾತ್ರ. ಅದನ್ನು ಪುಡಿ ಮಾಡುವುದುಂಟೇ?

ಕೋಣೆಗೆ ಓಡಿದಳು. ಸ್ಟೂಲು ಎಳೆದು ಹತ್ತಿದಳು. ಹಲಗೆಯ ಮೇಲೆ ದೂಳು ಹಿಡಿದಿತ್ತು, ದೂಳಿನ ನಡುವೆ ಡಬ್ಬಿ ಕೂತಿದ್ದ ದುಂಡನೆಯ ಗುರುತು ಇತ್ತು. ಡಬ್ಬಿ ಇರಲಿಲ್ಲ.

ಇಳಿಯುವ ಅವಸರದಲ್ಲಿ ಸ್ಟೂಲು ಉರುಳಿತು. ಗೋಡೆ ಹಿಡಿದು ನಿಂತಳು. ಆ ಪುಡಿ ಏನು ಮಾಡುತ್ತದೆಂದು ಅವಳಿಗೆ ಗೊತ್ತಿತ್ತು. ಅಂಬ್ಲಿಗೊಳ ಅಣೆಕಟ್ಟಿನ ನೀರು ಹಾಯುವ ಅವರ ಗದ್ದೆಯ ಮನೆಯಲ್ಲಿ ಒಂದು ಕರಿ ನಾಯಿ ಇತ್ತು. ಪುಡಿ ಹೊಡೆದ ಖಾಲಿ ಚೀಲವನ್ನು ನೆಕ್ಕಿ, ಅರ್ಧ ಗಂಟೆಯಲ್ಲಿ ಬಾಯಲ್ಲಿ ನೊರೆ ಬಂದು, ಕಣ್ಣು ಇವಳ ಕಡೆಗೇ ನೆಟ್ಟು ಸತ್ತಿತು. ನಾಯಿ ನೆಕ್ಕಿದ್ದು ಚೀಲ. ಇವಳು ತಿಂದದ್ದು ಪಾತ್ರೆ ತುಂಬ. ಯಜಮಾನರ ಬುತ್ತಿಗೆ ಹೋದದ್ದು ಇವಳ ಎರಡರಷ್ಟು.

ಗಂಡ ಸದಾಶಿವಪ್ಪನವರು ಊಟ ಮಾಡುವುದು ಒಂದು ಗಂಟೆಗೆ. ಗಡಿಯಾರ ನೋಡಿದಳು. ಒಂದಾಗಲು ಹತ್ತು ನಿಮಿಷ.

ಫೋನು ಎತ್ತಿಕೊಂಡು ಒತ್ತಿದಳು, ಹತ್ತಲಿಲ್ಲ. ಸೀರೆಯ ಸೆರಗಿನಲ್ಲಿ ಒರೆಸಿ ಒತ್ತಿದಳು, ಊದಿ ಒತ್ತಿದಳು. ಮೂರನೆಯ ಸಲಕ್ಕೆ ಜೀವ ಬಂದು ಗಂಡನಿಗೆ ಗಂಟೆ ಹೋಯಿತು. ಎತ್ತಲಿಲ್ಲ. ಮಾರುಕಟ್ಟೆಯಲ್ಲಿ ಜೋಳದ ಬೆಲೆಗೆ ಟೆಂಡರು ನಡೆಯುವ ಹೊತ್ತಿನಲ್ಲಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಫೋನನ್ನು ಜೇಬಿನಲ್ಲೇ ಬಿಟ್ಟು, ಬನಿಯನ್ನಿನಲ್ಲಿ ರಾಶಿ ನೋಡುತ್ತ ತಿರುಗುವುದು ಅವರ ಅಭ್ಯಾಸ. ನಾಲ್ಕು ಸಲ ಹೋಯಿತು, ನಾಲ್ಕು ಸಲವೂ ಗೂಟವೇ ಕೇಳಿಸಿಕೊಂಡಿತು. ಐದನೆಯದಕ್ಕೆ ಫೋನು ಮತ್ತೆ ಸತ್ತಿತು.

ಉಪ್ಪುನೀರು ಕಲಸಿ ಕುಡಿದಳು. ಬಚ್ಚಲಿನಲ್ಲಿ ಬಗ್ಗಿ ಬೆರಳು ಹಾಕಿದಳು. ಕಣ್ಣಲ್ಲಿ ನೀರು ಬಂತು, ಬೇರೇನೂ ಬರಲಿಲ್ಲ. ನಾಲಿಗೆ ಇನ್ನೂ ಜುಮುಗುಡುತ್ತಿತ್ತು, ಹಲ್ಲು ಚುಳಿಯುತ್ತಿತ್ತು. ವಿಷ ಹೀಗೆಯೇ ಶುರುವಾಗುತ್ತದೆ ಎಂದುಕೊಂಡಳು. ಪಕ್ಕದ ಮನೆಯವರನ್ನು ಕೂಗಲು ಬಾಗಿಲವರೆಗೆ ಹೋದಳು. ಸೊಸೆ ವಿಷ ಹಾಕಿದಳು ಎಂದು ಬೀದಿಯಲ್ಲಿ ಕೂಗಲು ನಾಚಿಕೆಯಾಯಿತು. ಸಾಯುವಾಗಲೂ ಮರ್ಯಾದೆ ಬಿಡದ ಜೀವ. ಚಪ್ಪಲಿ ಮೆಟ್ಟಿ, ಮನೆಗೆ ಬೀಗ ಹಾಕುವುದನ್ನೂ ಮರೆತು, ಮಾರುಕಟ್ಟೆಯ ದಾರಿ ಹಿಡಿದಳು.

ನಡಿಗೆಯ ದಾರಿ ಹತ್ತು ನಿಮಿಷ. ಮೊಣಕಾಲಿನ ನೋವಿನ ಹೆಂಗಸಿಗೆ ಇಪ್ಪತ್ತು. ಆ ಇಪ್ಪತ್ತು ನಿಮಿಷ ಶಕುಂತಲಮ್ಮನಿಗೆ ಬಂದ ಹೆದರಿಕೆ ಅಷ್ಟಿಷ್ಟಲ್ಲ. ಬಿಸಿಲಿನಲ್ಲಿಯೂ ಬೆನ್ನು ತಣ್ಣಗಾಗಿತ್ತು. ಎದುರು ಬಂದವರು ನಮಸ್ಕಾರ ಹೇಳಿದರೆ ಅವರ ಮುಖ ಎರಡಾಗಿ ಕಂಡಿತು.

ಮೊದಲಿಗೆ ಅವಳಿಗೆ ಬಂದ ಯೋಚನೆ ಸರಿಯಾದದ್ದೇ. ಪಾಪ, ಹೊಸ ಹುಡುಗಿ, ತಿಳಿಯದೆ ಹಾಕಿದ್ದಾಳೆ. ಡಬ್ಬಿಯ ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ವಿಷವನ್ನು ತಿನ್ನುವ ಸಾಮಾನಿನ ಕೋಣೆಯಲ್ಲಿ ಇಟ್ಟವರು ಯಾರು? ಮಂಡಿಯಲ್ಲೇ ಇರಲಿ ಎಂದು ಗಂಡ ಹೇಳಿದಾಗ, ಅಲ್ಲಿ ಹಮಾಲರ ಕೈಗೆ ಸಿಕ್ಕೀತು ಎಂದು ಹಟ ಮಾಡಿ ಮನೆಯಲ್ಲಿ ಇರಿಸಿಕೊಂಡವರು ಯಾರು? ತಾನೇ. ಅಂದರೆ ಅವರನ್ನು ಕೊಂದದ್ದು ತಾನು.

ಈ ಮಾತನ್ನು ಹೊತ್ತುಕೊಂಡು ನೂರು ಹೆಜ್ಜೆ ನಡೆಯಲೂ ಅವಳಿಂದ ಆಗಲಿಲ್ಲ. ಅಷ್ಟು ಭಾರವಿತ್ತು ಅದು. ಯಾರ ಮೇಲಾದರೂ ಇಳಿಸಲೇಬೇಕಿತ್ತು. ಬೆಳಿಗ್ಗೆ ತುಂಬಿದ ಆ ಕಣ್ಣು ನೆನಪಾಯಿತು. ತಿರುಗಿ ನೋಡದೆ ಹೋದದ್ದು ನೆನಪಾಯಿತು. ತಾನೇ ಮಾಡಿದ ಆಲೂಗಡ್ಡೆಯನ್ನು ಒಂದು ಹೋಳಾದರೂ ಬುತ್ತಿಗೆ ಕಟ್ಟಿಕೊಳ್ಳದೆ ಬರಿಗೈಯಲ್ಲಿ ಬಸ್ಸು ಹತ್ತಿದ್ದಾಳಲ್ಲ, ಅದೇಕೆ? ಕೇಳಿದಾಗ ಹಾಕಿದ್ದೇನೆ ಎಂದು ಎಷ್ಟು ತಣ್ಣಗೆ ಹೇಳಿದಳು! ಅವಳು ಅರ್ಧ ಹೋಳು ಕಚ್ಚಿ ತಿಂದದ್ದನ್ನು ತಾನೇ ನೋಡಿದ್ದೆ ಎಂಬುದು ಮಾತ್ರ ಶಕುಂತಲಮ್ಮನ ನೆನಪಿಗೆ ಬರಲಿಲ್ಲ. ಹೆದರಿದ ಮನಸ್ಸು ತನಗೆ ಬೇಕಾದ್ದನ್ನಷ್ಟೇ ಆರಿಸಿಕೊಳ್ಳುತ್ತದೆ. ಮಾರುಕಟ್ಟೆಯ ಗೇಟು ಬರುವ ಹೊತ್ತಿಗೆ ಅವಳ ತಪ್ಪು ಪೂರ್ತಿ ಸೊಸೆಯ ತಪ್ಪಾಗಿತ್ತು.

ಅಂಗಳದ ತುಂಬ ಮೆಕ್ಕೆಜೋಳದ ರಾಶಿ. ಟೆಂಡರು ಮುಗಿದು ಜನ ನೆರಳು ಹಿಡಿದಿದ್ದರು. ಸದಾಶಿವಪ್ಪನವರ ಮಂಡಿಯ ಮುಂದೆ ಉಜ್ಜಪ್ಪ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ. ಪಕ್ಕದ ಮಂಡಿಯ ಮಲ್ಲಿಕಾರ್ಜುನಪ್ಪ, ಬಾಯಿ ದೊಡ್ಡದು, ಹೊಟ್ಟೆ ಅದಕ್ಕಿಂತ ದೊಡ್ಡದು, ಬುತ್ತಿಯ ಡಬ್ಬಿಯ ತಳವನ್ನು ಬೆರಳಿನಿಂದ ಸವರಿ ನೆಕ್ಕುತ್ತಿದ್ದ. ಡಬ್ಬಿ ಖಾಲಿಯಾಗಿತ್ತು.

ಸದಾಶಿವಪ್ಪನವರು ಚೀಲಗಳ ಮೇಲೆ ಅಂಗಾತ ಮಲಗಿದ್ದರು. ಮುಖದ ಮೇಲೆ ಟವೆಲ್ಲು. ಅಲುಗಾಡಲಿಲ್ಲ.

ಊಟವಾದ ಮೇಲೆ ಅವರು ದಿನವೂ ಹಾಗೆಯೇ ಮಲಗುತ್ತಾರೆಂಬುದು ಶಕುಂತಲಮ್ಮನಿಗೆ ಗೊತ್ತಿರದ ಸಂಗತಿಯಲ್ಲ. ಆದರೆ ಆಗ ಅವಳಿಗೆ ಗೊತ್ತಿದ್ದದ್ದು ನಾಯಿ, ನೊರೆ, ನೆಟ್ಟ ಕಣ್ಣು. ಟವೆಲ್ಲನ್ನು ಕಿತ್ತೆಳೆದು, ಎರಡೂ ಭುಜ ಹಿಡಿದು ಅಲುಗಿಸಿದಳು.

"ಏಳ್ರೀ. ವಿಷ ತಿಂದೀರಿ ನೀವು. ಆ ಜಡೆ ಹುಡುಗಿ ನಮಗೆಲ್ಲ ವಿಷ ಹಾಕಿ ತೌರಿಗೆ ಹೋಗ್ಯಾಳೆ."

ತೂಕದವನು ಕೈ ನಿಲ್ಲಿಸಿದ. ಮಲ್ಲಿಕಾರ್ಜುನಪ್ಪ ಬೆರಳನ್ನು ಬಾಯಿಂದ ತೆಗೆದು, ಅದನ್ನೇ ನೋಡಿ, ನಲ್ಲಿಯ ಕಡೆ ಓಡಿ ಅದೇ ಬೆರಳನ್ನು ಗಂಟಲಿಗೆ ಹಾಕಿಕೊಂಡ. ಸದಾಶಿವಪ್ಪನವರು ಎದ್ದು ಕೂತರು. ಮನೆಗೆ ಬೆಂಕಿ ಬಿದ್ದರೂ ಮೊದಲು ಪಂಚೆ ಸರಿಮಾಡಿಕೊಳ್ಳುವ ಮನುಷ್ಯ. ಯಾವ ವಿಷ, ಯಾರು ಹೇಳಿದರು ಎಂದು ಕೇಳಿದರು. ಹುಳಿನ ಪುಡಿ, ಅವಳ ಬಾಯಿಂದಲೇ ಕೇಳಿದೆ, ಕೋಣೆಯಲ್ಲಿ ಡಬ್ಬಿಯೂ ಇಲ್ಲ ಎಂದು ಶಕುಂತಲಮ್ಮ ಏದುಸಿರಿನಲ್ಲಿ ಒದರಿದಳು.

ಅವರು ತಲೆಯ ಮೇಲಿನ ಗೂಡನ್ನು ತೋರಿಸಿದರು. ಲಿಂಗದ ಫೋಟೋದ ಪಕ್ಕದಲ್ಲಿ ತಗಡಿನ ಡಬ್ಬಿ ಕೂತಿತ್ತು. ಮುಚ್ಚಳದ ಸುತ್ತ ಹಚ್ಚಿದ ಟೇಪು ಹಚ್ಚಿದ ಹಾಗೇ ಇತ್ತು.

"ಬೆಳಿಗ್ಗೆ ನಾನೇ ತಂದೆ, ಹಳೇ ಚೀಲಕ್ಕೆ ನುಸಿ ಬಿದ್ದಾವೆ ಅಂತ. ಸೊರಬದ ಕಡೆ ಹೋದಾಗ ಎಷ್ಟು ಸಲ ತಿಂದೀನಿ ನಾನು ಈ ರುಚಿ. ಅದು ವಾಟೆಹುಳಿ ಕಣೇ, ವಾಟೆಕಾಯಿ ಒಣಗಿಸಿದ್ದು. ಆ ಹುಳೀನ ಪುಡಿ ಮಾಡಿ ಹಾಕ್ಯಾಳೆ ಹುಡುಗಿ."

ಹುಳೀನ, ಪುಡಿ ಮಾಡಿ. ನಡುವೆ ಬಿದ್ದುಹೋದ ಎರಡಕ್ಷರ ಶಕುಂತಲಮ್ಮನಿಗೆ ಆಗ ಕೇಳಿಸಿತು. ಜಡೆಯಿಂದ ಬರುವಾಗ ಸೊಸೆ ಗಂಟಿನಲ್ಲಿ ತಂದಿದ್ದ ಒಣಗಿದ ಕಂದು ಹೋಳುಗಳು ನೆನಪಾದವು. ಇದೇನು ಚಪ್ಪಲಿ ಚೂರಿನ ಹಾಗೆ ಎಂದು ತಾನೇ ಅವನ್ನು ಒಳಕೋಣೆಗೆ ಸರಿಸಿದ್ದಳು. ಚೀಲದ ಮೇಲೆ ಕೂತುಬಿಟ್ಟಳು. ಅವರು ಬದುಕಿದ್ದರು, ತಾನೂ ಬದುಕಿದ್ದಳು. ನಲ್ಲಿಯ ಹತ್ತಿರ ಮಲ್ಲಿಕಾರ್ಜುನಪ್ಪ, ಸುಮ್ಮನೆ ಒಳ್ಳೆ ಊಟ ಹಾಳಾಯಿತಲ್ಲ ಎಂದು ಬಾಯಿ ಒರೆಸಿಕೊಳ್ಳುತ್ತಿದ್ದ. ಯಾರೋ ನಕ್ಕರು. ಶಕುಂತಲಮ್ಮನೂ ನಕ್ಕಳು. ನಗುತ್ತಿರುವಾಗಲೇ, ತಾನು ಈಗ ಎಲ್ಲರ ಮುಂದೆ ಏನು ಅಂದೆ ಎಂಬುದು ತಲೆಗೆ ಹೋಯಿತು.

ಆಮೇಲೆ ಬಂದ ಹೆದರಿಕೆ ಬೇರೆಯದು. ಒಬ್ಬೊಬ್ಬರ ಮುಖವನ್ನೂ ನೋಡಿ ಬೇಡಿಕೊಂಡಳು. ಹೆದರಿಕೆಯಲ್ಲಿ ಬಂದ ಮಾತು, ಅದು ಹುಡುಗಿಯ ಕಿವಿಗೆ ಬೀಳಬಾರದು, ಇಲ್ಲಿ ಆದದ್ದು ಇಲ್ಲೇ ಇರಲಿ. ಎಲ್ಲರೂ ತಲೆಯಾಡಿಸಿದರು. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ಉಜ್ಜಪ್ಪ.

ಬೇಡಿ ಮುಗಿದು ಅರ್ಧ ಗಂಟೆಯಾಗಿರಬೇಕು. ಸದಾಶಿವಪ್ಪನವರು ಚಹಾ ತರಿಸಿದ್ದರು. ಆಗ ಆಟೋ ಬಂದು ನಿಂತಿತು. ಬ್ಯಾಗು ತೋಳಿಗೆ ಸಿಕ್ಕಿಸಿಕೊಂಡು ಗಂಗಾಶ್ರೀ ಇಳಿದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಫೋನಿನಲ್ಲಿ ಅತ್ತೆಯ ಕೂಗು ಕೇಳಿತ್ತಂತೆ, ಏನೋ ಬಿದ್ದ ಸದ್ದು ಕೇಳಿತ್ತಂತೆ. ಆಮೇಲೆ ಎಷ್ಟು ಸಲ ಹಚ್ಚಿದರೂ ಹತ್ತಲಿಲ್ಲ. ಶಿರಾಳಕೊಪ್ಪದಲ್ಲೇ ಇಳಿದು, ಎದುರಿಗೆ ಸಿಕ್ಕ ಬಸ್ಸು ಹತ್ತಿ ವಾಪಸು ಬಂದಿದ್ದಳು. ಮನೆಗೆ ಹೋದರೆ ಬಾಗಿಲು ತೆರೆದಿತ್ತು, ಎಂಜಲು ತಟ್ಟೆ ನಡುಮನೆಯಲ್ಲೇ ಇತ್ತು, ಕೋಣೆಯಲ್ಲಿ ಸ್ಟೂಲು ಉರುಳಿತ್ತು. ಎಂಟು ತಿಂಗಳು ಕಾದ ತವರಿನ ದಾರಿಯನ್ನು ಅರ್ಧಕ್ಕೆ ಬಿಟ್ಟು ಬಂದವಳು ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅವಳ ಎರಡೂ ಕೈ ಹಿಡಿದು, ಬಿದ್ರಾ ಅತ್ತೆ, ಎಲ್ಲಿ ಪೆಟ್ಟಾಯ್ತು ಎಂದು ಕೇಳುತ್ತಿದ್ದಳು.

ಅತ್ತೆಯ ಪರವಾಗಿ ಮಾತಾಡುವ ಉಪಕಾರವನ್ನು ಉಜ್ಜಪ್ಪ ಮಾಡಿದ. ಒಳ್ಳೆಯ ಮನುಷ್ಯ, ಹುಡುಗಿಯ ಗಾಬರಿ ನೋಡಲಾಗಲಿಲ್ಲ ಅವನಿಗೆ.

"ಏನೂ ಆಗಿಲ್ಲ ತಾಯಿ, ನೀವು ಹೆದರಬ್ಯಾಡ್ರಿ. ನೀವು ಹಾಕಿದ್ದು ವಿಷ ಅಲ್ಲಂತೆ."

ಗಂಗಾಶ್ರೀ ಅವನ ಮುಖ ನೋಡಿದಳು. ಮಾವನ ಮುಖ ನೋಡಿದಳು. ಅವರು ಚಹಾದ ಲೋಟದೊಳಗೆ ನೋಡುತ್ತಿದ್ದರು. ಕೊನೆಗೆ ಅತ್ತೆಯ ಮುಖ ನೋಡಿದಳು. ಅಲ್ಲಿ ಎಲ್ಲವೂ ಬರೆದಿತ್ತು. ಹಿಡಿದ ಕೈಯನ್ನು ಅವಳು ಕೊಡವಲಿಲ್ಲ. ಒಂದೊಂದೇ ಬೆರಳು ಬಿಡಿಸಿ, ತನ್ನ ಕೈ ತಾನು ತೆಗೆದುಕೊಂಡಳು. ಮನೆಗೆ ಹೋಗೋಣ ಎಂದಳು, ಅಷ್ಟೇ.

ನಾಳೆ ಬೆಳಿಗ್ಗೆಯ ಬಸ್ಸಿಗೆ ಜಡೆಗೆ ಹೋಗು ಎಂದು ಮಾವ ದಾರಿಯಲ್ಲಿ ಹೇಳಿದರು. ನೋಡೋಣ ಎಂದಳು. ಮನೆಗೆ ಬಂದು ತಟ್ಟೆ ತೊಳೆದಳು, ಸ್ಟೂಲು ಎತ್ತಿಟ್ಟಳು, ನೆಲ ಒರೆಸಿದಳು. ಬುಟ್ಟಿಯಲ್ಲಿ ಉಳಿದಿದ್ದ ಹಸಿ ಆಲೂಗಡ್ಡೆಯನ್ನು ಬೇಯಲು ಇಟ್ಟಳು. ಶಕುಂತಲಮ್ಮ ನಡುಮನೆಯಲ್ಲಿ ಕೂತು ಕಾದಳು. ಹುಡುಗಿ ಬಯ್ಯಲಿ ಎಂದು ಕಾದಳು, ಅಳಲಿ ಎಂದು ಕಾದಳು, ಚನ್ನೇಶನಿಗೆ ಫೋನ್ ಹಚ್ಚಿ ಹೇಳಲಿ ಎಂದೂ ಕಾದಳು. ಕಾವಲಿಯ ಚುರುಚುರು ಬಿಟ್ಟರೆ ಒಳಗಿನಿಂದ ಏನೂ ಕೇಳಲಿಲ್ಲ. ಈ ಹುಡುಗಿ ನಾಳೆ ಹೋದರೆ ಮತ್ತೆ ಬರುವುದಿಲ್ಲ ಎಂಬ ಹೆದರಿಕೆ ಅವಳ ಎದೆಯಲ್ಲಿ ಕೂತು ಏಳಲಿಲ್ಲ.

ಸಂಜೆ ದೀಪ ಹಚ್ಚಿ, ಸದಾಶಿವಪ್ಪನವರು ಲಿಂಗಪೂಜೆ ಮುಗಿಸಿ, ಊಟಕ್ಕೆ ಕೂತರು. ಎದುರಿಗೆ ಶಕುಂತಲಮ್ಮ ಕೂತಳು. ಗಂಗಾಶ್ರೀ ಆಲೂಗಡ್ಡೆಯ ಪಾತ್ರೆ ತಂದು, ಬಡಿಸಲಿಲ್ಲ. ಇಬ್ಬರಿಗೂ ಕಾಣುವ ಹಾಗೆ ದೀಪದ ಬೆಳಕಿನಲ್ಲಿ ನಿಂತು, ಒಂದು ಹೋಳು ಎತ್ತಿ, ಅರ್ಧ ಕಚ್ಚಿ, ನಿಧಾನವಾಗಿ ಅಗಿದು ನುಂಗಿದಳು. ಆಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತಳು. ತನಗೆ ಏನೂ ಆಗಲಿಲ್ಲ ಎಂದು ಅವರಿಗೆ ತಿಳಿಯಲು ಎಷ್ಟು ಬೇಕೋ ಅಷ್ಟು ಹೊತ್ತು. ಉಳಿದ ಅರ್ಧ ಎಡಗೈಯಲ್ಲಿತ್ತು.

ಸದಾಶಿವಪ್ಪನವರು ತಲೆ ತಗ್ಗಿಸಿದರು. ರುಚಿ ನೋಡಿದೆಯಾ ಎಂಬ ಮಾತು ಶಕುಂತಲಮ್ಮನ ಗಂಟಲಿನವರೆಗೆ ಬಂದು ಅಲ್ಲೇ ಸತ್ತಿತು. ಹುಡುಗಿಯ ಕಣ್ಣನ್ನು ನೋಡಿದಳು. ಬೆಳಿಗ್ಗೆ ತುಂಬಿದ್ದ ಕಣ್ಣು ಈಗ ಒಣಗಿತ್ತು. ಮಧ್ಯಾಹ್ನದಿಂದ ಪಟ್ಟ ಹೆದರಿಕೆಯೆಲ್ಲ ಸೇರಿದರೂ ಆ ಒಣ ಕಣ್ಣಿಗೆ ಹೆದರಿದಷ್ಟು ಅವಳು ಹೆದರಿರಲಿಲ್ಲ. ಇನ್ನು ದಿನವೂ, ಎರಡು ಹೊತ್ತೂ, ಈ ಹುಡುಗಿ ಹೀಗೇ ಮೊದಲು ತಾನು ತಿಂದು ತೋರಿಸಿ ಬಡಿಸುತ್ತಾಳೆ. ಅದನ್ನು ನೋಡುತ್ತ ತಾನು ಉಣ್ಣಬೇಕು.

ಶಕುಂತಲಮ್ಮ ತಟ್ಟೆ ಸರಿಸಿ ಕೈ ಚಾಚಿದಳು.

"ಆ ಉಳಿದ ಅರ್ಧ ನನಗೆ ಕೊಡು."

"ಎಂಜಲು, ಅತ್ತೆ."

"ಗೊತ್ತೈತೆ. ಕೊಡು."

ಗಂಗಾಶ್ರೀ ಕೊಡಲಿಲ್ಲ. ಶಕುಂತಲಮ್ಮ ಕೈ ಹಿಂದಕ್ಕೆ ತೆಗೆಯಲಿಲ್ಲ. ಸದಾಶಿವಪ್ಪನವರು ಮೊದಲ ತುತ್ತು ಎತ್ತದೆ ಕಾದರು. ಕೊನೆಗೆ ಗಂಗಾಶ್ರೀ ಬಗ್ಗಿ, ಆ ಅರ್ಧ ಹೋಳನ್ನು ಅತ್ತೆಯ ಅಂಗೈಯಲ್ಲಿ ಇಟ್ಟಳು.

ಶಕುಂತಲಮ್ಮ ಅದನ್ನು ಬಾಯಿಗೆ ಹಾಕಿಕೊಂಡಳು. ಗರಿಗರಿ ಎಂದಿತು, ಹುಳಿ ದವಡೆ ಹಿಡಿಯಿತು. ಮಂಡಿಯಲ್ಲಿ ಹೆಸರು ಕಿವಿಗೆ ಬಿದ್ದಿದ್ದರೂ, ನಿಮ್ಮ ಕಡೆ ಇದಕ್ಕೆ ಏನಂತ ಹೆಸರು ಎಂದು ಅವಳು ಕೇಳಿದಳು. ವಾಟೆಹುಳಿ ಎಂದು ಗಂಗಾಶ್ರೀ ಹೇಳಿದಳು, ಹೇಳುವಾಗ ದನಿ ಒಡೆಯಿತು. ಶಕುಂತಲಮ್ಮ ಅದನ್ನು ತಪ್ಪಿಲ್ಲದೆ ಎರಡು ಸಲ ಹೇಳಿ ನೋಡಿಕೊಂಡಳು.